ಹಪ್ಪಳದ ಡಬ್ಬದೊಳಗಿನ ಹಾಡು

ಹಲಸಿನ ಹಪ್ಪಳದ ಡಬ್ಬದ ಮುಚ್ಚಳ ತೆಗೆದರೆ ನಿಮಗೆ ಎಂತ ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಗಿಟಾರು ಕೇಳುತ್ತದೆ. ನಗಬೇಡಿ, ನಿಜವೇ ಹೇಳುತ್ತಿದ್ದೇನೆ. ಮೊನ್ನೆ ಮಳೆ ಹಿಡಿದ ದಿನ ಇನ್ನಂಜೆಯಿಂದ ನನ್ನ ತಂಗಿ ಒಂದು ಡಬ್ಬ ಹಪ್ಪಳ ಕಳಿಸಿದ್ದಳು. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿ ಹಾಕಿ ಎಬ್ಬಿಸಿದೆ. ಮೆಣಸು, ಕೊತ್ತಂಬರಿ, ಬಿಸಿಲಿಗೆ ಒಣಗಿದ ಹಲಸು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ಬಂದದ್ದು, ಒಲೆಯ ಮೇಲೆ ಎಣ್ಣೆ ಇಟ್ಟದ್ದನ್ನೂ ಮರೆತು ನಿಂತುಬಿಟ್ಟೆ. ಬಾಣಲೆಯಿಂದ ಹೊಗೆ ಎದ್ದಾಗ ನನ್ನ ಗಂಡ ಓಡಿ ಬಂದು ಗ್ಯಾಸು ಆರಿಸಿದರು. "ಎಂತ, ಪುನಃ ಆ ಬ್ಯಾಂಡಾ?" ಎಂದರು. ಹೌದು, ಪುನಃ ಅದೇ.

ಬ್ಯಾಂಡಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕೂಡಲೇ ಮೊಬೈಲು ತೆಗೆದು ಹುಡುಕುತ್ತೀರಿ, ತೊಳೆದು ಒರೆಸಿಟ್ಟ ಹಾಡೊಂದು ಸಿಗುತ್ತದೆ, "ಓ, ಇದಾ" ಎಂದು ಮುಂದೆ ಹೋಗುತ್ತೀರಿ. ಅದು ನಮ್ಮ ಹಾಡಲ್ಲ. ಇಷ್ಟು ತಿಳಿದರೆ ಸಾಕು: ಇಂಗ್ಲೆಂಡಿನ ನಾಲ್ಕು ಜನ, ಉದ್ದ ಕೂದಲು, ಅಂಗಿಗೆ ಗುಂಡಿ ಹಾಕುವ ಅಭ್ಯಾಸ ಇಲ್ಲದವರು. ಅವರಲ್ಲೊಬ್ಬ ಎಂದೋ ತೀರಿಹೋದ, ಉಳಿದವರು ಈಗ ಅಜ್ಜಂದಿರು. ಒಟ್ಟಿಗೆ ಹಾಡುವುದನ್ನು ಬಿಟ್ಟದ್ದು ನನ್ನ ಮದುವೆಗಿಂತಲೂ ಹಳೆಯ ಮಾತು. ಆದರೂ ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಕೆಲವರಿಗೆ ಹಿಡಿದ ಅವರ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಆ ಕೆಲವರಲ್ಲಿ ನಾನೂ ಒಬ್ಬಳು.

ನಾನು ಫಿಲೊಮಿನಾ. ಉಡುಪಿಯ ಬನ್ನಂಜೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹುಟ್ಟಿದ್ದು ಕಾಪುವಿನಲ್ಲಿ. ನನ್ನ ಪಪ್ಪನೂ ಟೈಲರೇ. ನಮ್ಮ ಕ್ರಿಸ್ತುವ ಗಂಡಸರನ್ನು ಊರವರು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು. ನಾನು ಅಲ್ಲಿ ಕಾಜ ಹೊಲಿಯಲು ಕಲಿಯುತ್ತಿದ್ದ ಕಾಲದಲ್ಲಿ ಸದಾನಂದ ಎಂಬ ಮೊಗವೀರರ ಹುಡುಗ ಒಂದು ಪತ್ರಿಕೆಯ ಚಿತ್ರ ಹಿಡಿದುಕೊಂಡು ಅಂಗಡಿಗೆ ಬಂದ. ಚಿತ್ರದಲ್ಲಿ ಆ ನಾಲ್ವರು. "ಪೊರ್ಬುಗಳೇ, ನನಗೆ ಈ ತೋಳು ಬೇಕು. ಮೊಣಕೈಯಿಂದ ಕೆಳಗೆ ಗಂಟೆಯ ಹಾಗೆ ಅಗಲ" ಎಂದ. ಪಪ್ಪ ಕನ್ನಡಕ ಏರಿಸಿ ನೋಡಿ, "ಇದನ್ನು ಹಾಕಿಕೊಂಡು ಬಲೆ ಎಳೆದರೆ ತೋಳು ತುಂಬ ಬೂತಾಯಿ ಮೀನು ಬಂದೀತು" ಎಂದರು. ಸದಾನಂದ ನಗಲಿಲ್ಲ. ಹಾಡು ಕೇಳದವರಿಗೆ ಆ ತೋಳು ಅರ್ಥವಾಗುವುದಿಲ್ಲ ಎಂದು ಹೇಳಿ ಒಂದು ಕ್ಯಾಸೆಟ್ ಇಟ್ಟು ಹೋದ. ಪಪ್ಪ ಕೇಳಲಿಲ್ಲ, ನಾನು ಕೇಳಿದೆ. ಗಲ್ಫಿನಲ್ಲಿದ್ದ ಮಾವ ತಂದ ಟೇಪ್ ರೆಕಾರ್ಡರ್ ಇತ್ತು ನಮ್ಮಲ್ಲಿ. ಅಂದು ಹಿಡಿದ ಮರ್ಲು, ಈ ಹುಚ್ಚು.

ಆ ಕ್ಯಾಸೆಟ್ ಅಂಗಡಿಯಲ್ಲಿ ಸಿಗುವ ಅಸಲು ಮಾಲಲ್ಲ. ಬನ್ನಂಜೆಯ ವಾಮನಣ್ಣನ ಕ್ಯಾಸೆಟ್ ಅಂಗಡಿಯಲ್ಲಿ ತುಂಬಿಸಿ ಕೊಟ್ಟದ್ದು. ಊರಿನ ಅಷ್ಟೂ ಜನರ ಹತ್ತಿರ ಇದ್ದದ್ದು ಅದರ ನಕಲು, ನಕಲಿನ ನಕಲು. ಎರಡನೆಯ ಬದಿಯಲ್ಲಿ ಒಂದು ಉದ್ದದ ಹಾಡು ಉಂಟು. ಮೊದಲು ಗಿಟಾರು ಒಂದೇ, ನಿಧಾನಕ್ಕೆ. ಅದರ ಹಿಂದೆ ಹೆಂಚಿನ ಮೇಲೆ ಬೀಳುವ ಮಳೆ. ಎಲ್ಲೋ ಒಂದು ಕಾಗೆ. ಹಾಡುವವನು ಎರಡು ಚರಣ ಮುಗಿಸಿ ಸುಮ್ಮನಾದಾಗ, ಡ್ರಮ್ಮು ಇನ್ನೂ ಶುರುವಾಗದ ಆ ಸಣ್ಣ ಎಡೆಯಲ್ಲಿ, ಒಂದು ಹೆಂಗಸಿನ ಸ್ವರ ತುಳುವಿನಲ್ಲಿ ಹೇಳುತ್ತದೆ: "ಬಾಲೆ ಲಕ್ಕ್‌ಂಡ್, ಒರ ಬಲೆ." ಮಗು ಎದ್ದಿತು, ಒಮ್ಮೆ ಬನ್ನಿ. ಆಮೇಲೆ ಡ್ರಮ್ಮು. ಕೊನೆಗೆ ಹಾಡು ಏರಿ ಏರಿ ಇನ್ನೇನು ಮುಗಿಯಬೇಕು ಎನ್ನುವಾಗ ಟೇಪು ಮುಗಿದು ಕಟಕ್ ಎನ್ನುತ್ತದೆ.

ನಮಗೆ ಹಾಡು ಎಂದರೆ ಇದೇ. ಮಳೆಯೂ ಹಾಡು, ಕಾಗೆಯೂ ಹಾಡು, ಆ ಹೆಂಗಸೂ ಹಾಡು. ಅವಳನ್ನು ನಾವು ಅಕ್ಕ ಎನ್ನುತ್ತಿದ್ದೆವು. ಯಾರೆಂದು ವಾಮನಣ್ಣನನ್ನು ಕೇಳಿದರೆ "ಯಾರೋ ಹೊರಗಿನವರು ಮಾರಾಯ್ರೆ" ಎಂದು ಬೇರೆ ಮಾತು ತೆಗೆಯುತ್ತಿದ್ದರು. ಮುಂದೆ ಇಂಟರ್ನೆಟ್ಟಿನಲ್ಲಿ ಅಸಲು ಹಾಡು ಬಂದಾಗ ಸದಾನಂದ ನನ್ನ ಅಂಗಡಿಗೆ ಬಂದು ಕಿವಿಗೆ ಹಿಡಿದ. ಪೂರ್ತಿ ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಇದರಲ್ಲಿ ಅಕ್ಕ ಇಲ್ಲ ಫಿಲ್ಲು. ಇವರಿಗೆ ಹಾಡಲು ಬರುವುದಿಲ್ಲ" ಎಂದ. ನನಗೂ ಹಾಗೇ ಅನಿಸಿತು, ಇವತ್ತಿಗೂ ಹಾಗೇ ಅನಿಸುತ್ತದೆ.

ಸದಾನಂದ ಆಮೇಲೆ ಮಲ್ಪೆಯಲ್ಲಿ ತಾಂಡೇಲನಾದ, ಎಂದರೆ ದೊಡ್ಡ ದೋಣಿ ನಡೆಸುವವನು. ಅವನು ದಡದಲ್ಲಿ ಸಿಗುವುದು ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಇರುವಾಗ ಮಾತ್ರ. ಹಾಗಾಗಿ ನಮ್ಮ ಗುಂಪು ಸೇರುವುದೂ ಆಗಲೇ, ಕಾಪುವಿನಲ್ಲಿ, ಲೈಟ್‌ಹೌಸಿಗೆ ಸ್ವಲ್ಪ ಈಚೆ ಅವನ ಮನೆಯವರು ಬಲೆ ಇಡುವ ಶೆಡ್ಡಿನಲ್ಲಿ. ಭಾನುವಾರ ಮಧ್ಯಾಹ್ನ, ಪತ್ರೊಡೆ, ಚಾ, ಹಾಡು. ಅಕ್ಕನ ಜಾಗ ಬಂದಾಗ ನಾವಷ್ಟೂ ಜನ, ಬಿಳಿ ತಲೆಯವರು, ಬೋಳು ತಲೆಯವರು, ಒಟ್ಟಾಗಿ ದನಿ ಎತ್ತಿ ಹೇಳಬೇಕು: "ಬಾಲೆ ಲಕ್ಕ್‌ಂಡ್, ಒರ ಬಲೆ." ಅದು ನಮ್ಮ ಪದ್ಧತಿ. ಕ್ಯಾಸೆಟ್ಟುಗಳೆಲ್ಲ ಬೂಸ್ಟು ಹಿಡಿದು ಹೋದ ಮೇಲೆ ಮೊಬೈಲಿನ ಅಸಲು ಹಾಡು ಹಾಕುತ್ತಿದ್ದೆವು, ಅಕ್ಕನ ಮಾತನ್ನು ನಾವೇ ತುಂಬಿಸುತ್ತಿದ್ದೆವು.

ನಾನು ಹೇಳಹೊರಟದ್ದು ನಡೆದ ವರ್ಷದ ಮಳೆಗಾಲ ಎಂದರೆ ಕೆಟ್ಟ ಮಳೆ. ಬಟ್ಟೆ ಒಣಗದೆ ಊರಿಗೆ ಊರೇ ಹಸಿ ವಾಸನೆ ಹೊಡೆಯುತ್ತಿತ್ತು. ನನ್ನ ಅಂಗಡಿಯ ಎದುರಿಗೇ ವಾಮನಣ್ಣನ ಅಂಗಡಿ. ಈಗ ಅಲ್ಲಿ ಕ್ಯಾಸೆಟ್ ಇಲ್ಲ, ಮೊಬೈಲು ರಿಪೇರಿ. ಮಾಡುವವಳು ಅವರ ಮಗಳು ವಿನಯಾ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೈ ಮಾತ್ರ ಚುರುಕು. ಅವಳಿಗೆ ನಮ್ಮ ಬ್ಯಾಂಡು ಕಂಡರೆ ಆಗುತ್ತಿರಲಿಲ್ಲ. ಅಪ್ಪನ ಹತ್ತಿರ ಅದರ ವಿಷಯ ಎತ್ತಿದರೆ ಅವರು ಆ ದಿನ ಊಟ ಸರಿಯಾಗಿ ಮಾಡುವುದಿಲ್ಲ ಎಂದು ನನಗೆ ಒಮ್ಮೆ ಹೇಳಿದ್ದಳು. ತಾಯಿ ಗಿರಿಜಕ್ಕ ತೀರಿಕೊಂಡಾಗ ವಿನಯಾಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ನಾನು ಮದುವೆಯಾಗಿ ಬನ್ನಂಜೆಗೆ ಬಂದದ್ದು ಅದೆಲ್ಲ ಆದ ಎಷ್ಟೋ ವರ್ಷದ ಮೇಲೆ, ಗಿರಿಜಕ್ಕನನ್ನು ನಾನು ನೋಡಿದವಳಲ್ಲ.

ಒಂದು ದಿನ ಚಾರ್ಜರು ತರಲು ಹೋಗಿದ್ದೆ. ಪಡುಬಿದ್ರಿಯ ಒಬ್ಬ ಹೆಂಗಸು ನೀರಿಗೆ ಬಿದ್ದ ಫೋನು ತಂದು ಕೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದಳು. ವಿನಯಾ ಬಿಚ್ಚಿ, ಒಣಗಿಸಿ, ಏನೇನೋ ಮಾಡಿ ಅದಕ್ಕೆ ಜೀವ ಬರಿಸಿದಳು. ಹೆಂಗಸು ಒಂದು ವಾಯ್ಸ್ ಮೆಸೇಜು ಒತ್ತಿದಳು. "ಮೀನು ಬಂದಿದೆ, ಬರುವಾಗ ಹುಣಸೆಹುಳಿ ತಾ" ಎಂದು ಒಂದು ಮುದಿ ಸ್ವರ ಹೇಳಿತು. ಅವಳ ಅಮ್ಮ ತೀರಿಹೋಗಿ ತಿಂಗಳಾಗಿತ್ತಂತೆ. ಫೋನನ್ನು ಎದೆಗೆ ಒತ್ತಿಕೊಂಡು ಅಳುತ್ತಾ ಹೋದಳು. ವಿನಯಾ ಸ್ಕ್ರೂಗಳನ್ನು ಕರಡಿಗೆಗೆ ಹಾಕುತ್ತಾ ಹೇಳಿದಳು:

"ಈಗಿನವರು ಪುಣ್ಯವಂತರು ಬಾಯಮ್ಮ. ನನ್ನ ಅಮ್ಮನ ಸ್ವರ ತೆಳುವೋ ದಪ್ಪವೋ ಎಂದೂ ನನಗೆ ಗೊತ್ತಿಲ್ಲ. ಒಂದು ಫೋಟೋ ಉಂಟು. ಅದು ಮಾತಾಡುವುದಿಲ್ಲವಲ್ಲ."

ಹಿಂದೆ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ ವಾಮನಣ್ಣ ತಲೆ ಎತ್ತದೆ, "ಕ್ಯಾಸೆಟಿನಲ್ಲಿ ಉಂಟಲ್ಲ" ಎಂದರು.

"ಯಾವ ಕ್ಯಾಸೆಟ್ ಅಪ್ಪ?"

"ಅದೇ. ಆ ಇಂಗ್ಲಿಷಿನವರದ್ದು. ಬಾಯಮ್ಮನಿಗೆ ಗೊತ್ತುಂಟು."

ವಿನಯಾ ನನ್ನ ಮುಖ ನೋಡಿದಳು. ಇಷ್ಟು ವರ್ಷ ಬಾಯಿತುಂಬ ಕೂಗಿದ ಮಾತು ಅದು. ಮೆಲ್ಲ ಹೇಳಿದೆ: "ಬಾಲೆ ಲಕ್ಕ್‌ಂಡ್, ಒರ ಬಲೆ." ವಾಮನಣ್ಣ ಪೇಪರು ಮಡಚಿದರು. ಅವಳು ನನ್ನನ್ನೂ ಅಪ್ಪನನ್ನೂ ನೋಡಿ, "ಬಾಲೆ ಅಂದರೆ ಯಾರು?" ಎಂದು ಕೇಳಿದಳು. "ನೀನೇ" ಎಂದರು ವಾಮನಣ್ಣ.

ಆಮೇಲೆ ಅವರು ಹೇಳಿದ್ದು ಇಷ್ಟು. ಆ ರೆಕಾರ್ಡು ಮಣಿಪಾಲದಲ್ಲಿ ಓದುತ್ತಿದ್ದ ಒಬ್ಬ ಹೊರದೇಶದ ಹುಡುಗನದ್ದು. ಅವನು ಸಂಜೆಯ ಬಸ್ಸಿಗೆ ಊರು ಬಿಡುವವನಿದ್ದ. ಮಧ್ಯಾಹ್ನದ ಮಟ್ಟಿಗೆ ಮಾತ್ರ ಕೊಟ್ಟಿದ್ದ. ಯಂತ್ರದಿಂದ ಯಂತ್ರಕ್ಕೆ ಜೋಡಿಸುವ ವಯರು ವಾಮನಣ್ಣನ ಹತ್ತಿರ ಆಗ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕಿಟಕಿ ಮುಚ್ಚಿ, ಯಾರೂ ಉಸಿರೆತ್ತಬಾರದು ಎಂದು ಹೆಂಡತಿಗೆ ಹೇಳಿ ಶುರು ಮಾಡಿದ್ದರು. ನಡುವೆ ಮಳೆ ಬಂತು. ಮಗು ಎದ್ದು ಅತ್ತಿತು. ಗಿರಿಜಕ್ಕ ಪಕ್ಕದ ಅಡುಗೆಕೋಣೆಯಲ್ಲಿ ಗಂಜಿ ಬಸಿಯುತ್ತಿದ್ದಳು, ಕೈ ಬಿಡುವಿರಲಿಲ್ಲ. ಅಲ್ಲಿಂದಲೇ ಕರೆದಳು.

"ನೀವು ಎಂತ ಹೇಳಿದಿರಿ ಅಪ್ಪ?"

"ಎಂತ ಹೇಳುವುದು, ರೆಕಾರ್ಡಿಂಗ್ ನಡೆಯುತ್ತಿತ್ತಲ್ಲ. ಕೈ ಅಲ್ಲಾಡಿಸಿ ಸುಮ್ಮನಿರು ಎಂದೆ. ಹಾಡು ಹಾಳಾಯಿತು ಎಂದು ಆಮೇಲೆ ಬೈದೆ ಕೂಡ. ಮರುವರ್ಷ ಕಾಮಾಲೆಯಲ್ಲಿ ಹೋದಳು." ಪೇಪರನ್ನು ಸ್ಟೂಲಿನ ಕೆಳಗೆ ಇಟ್ಟು ಮತ್ತೆ ಹೇಳಿದರು: "ಆಮೇಲೆ ಆ ಕ್ಯಾಸೆಟ್ ಮನೆಯಲ್ಲಿದ್ದರೂ ನನಗೆ ಆಗುವುದಿಲ್ಲ, ಬಿಸಾಡಲೂ ಆಗುವುದಿಲ್ಲ. ಕಾರ್ಕಳದ ಜಿನರಾಜನಿಗೆ ಕೊಟ್ಟೆ, ಬಸ್ಸಿನಲ್ಲಿ ಹಾಕು ಎಂದೆ. ಬಸ್ಸಿನಲ್ಲಾದರೆ ಹೋಗಿ ಬಂದು ಇರುತ್ತಾಳೆ. ಅಂಗಡಿಯ ಎದುರು ಹಾದುಹೋಗುವಾಗ ಒಂಚೂರು ಕೇಳುತ್ತಿತ್ತು. ಅಷ್ಟನ್ನು ತಡೆದುಕೊಳ್ಳಲು ಆಗುತ್ತಿತ್ತು ನನಗೆ."

ಜಿನರಾಜಣ್ಣ ನಮ್ಮ ಗುಂಪಿನವನೇ. ಕಾರ್ಕಳ, ಮಣಿಪಾಲ, ಉಡುಪಿ ಎಂದು ಓಡುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಾಗಿದ್ದ. ಅವನ ಬಸ್ಸಿನಲ್ಲಿ ಆ ಹಾಡು ಕೇಳಿ ಕೇಳಿಯೇ ಮಣಿಪಾಲದ ಹುಡುಗರಿಗೂ ಹುಚ್ಚು ಹಿಡಿದದ್ದು. ಉತ್ತರದ ಕಡೆಯಿಂದ ಬಂದ ಕೆಲವರು ಅಕ್ಕನ ಮಾತನ್ನೂ ಇಂಗ್ಲಿಷಿನ ಪದವೆಂದೇ ಬಾಯಿಪಾಠ ಮಾಡಿದ್ದರು. ಬನ್ನಂಜೆಯಲ್ಲಿ ವಾಮನಣ್ಣ ದಿನಾ ಬಾಗಿಲಿಗೆ ಬಂದು ನಿಲ್ಲುವುದು ತನಗೆ ಕೈ ಮಾಡಲಿಕ್ಕೆ ಎಂದು ಜಿನರಾಜಣ್ಣ ತಿಳಿದಿದ್ದ, ಅವನೂ ಪ್ರತಿ ಸಲ ಹಾರನ್ನು ಹೊಡೆಯುತ್ತಿದ್ದ. ಆದರೆ ಆ ಕ್ಯಾಸೆಟ್ ಬಸ್ಸು ಮಾರುವಾಗ ಬಸ್ಸಿನೊಟ್ಟಿಗೇ ಹೋಯಿತು ಎಂದು ಅವನೇ ನಮಗೆಲ್ಲ ಎಷ್ಟೋ ಸಲ ಹೇಳಿದ್ದ.

ಹಾಗಾಗಿ ನಾವು ನಕಲುಗಳನ್ನು ಹುಡುಕಲು ಹೊರಟೆವು. ಮೊದಲು ನನ್ನದೇ. ಟ್ರಂಕಿನಿಂದ ತೆಗೆದು ವಿನಯಾಳ ಕೈಗೆ ಕೊಟ್ಟೆ, ಅವಳು ಹಳೆಯ ಟೇಪ್ ರೆಕಾರ್ಡರ್ ಸರಿಮಾಡಿ ಹಾಕಿದಳು. ಗಿಟಾರು ಬರಬೇಕಾದಲ್ಲಿ ಬಂದದ್ದು ನನ್ನ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದ ಕೊಂಕಣಿ ಹಾಡು. ಟೇಪು ಖಾಲಿ ಉಂಟು ಎಂದು ನನ್ನ ನಾದಿನಿ ಅದರ ಮೇಲೆಯೇ ತುಂಬಿಸಿದ್ದಳು. ತೆಂಗಿನ ಹಾಲು ಹಚ್ಚಿಸಿಕೊಂಡು ನಾನು ಕಿಸಕಿಸ ನಗುವುದೂ ಅದರಲ್ಲಿತ್ತು. ವಿನಯಾ ಟೇಪು ನಿಲ್ಲಿಸಿದಳು. ನನಗೆ ನನ್ನ ನಗುವಿನ ಮೇಲೆಯೇ ಸಿಟ್ಟು ಬಂತು.

ಸದಾನಂದನದ್ದು ದೋಣಿಯಲ್ಲಿ ಕಡಲು ಸುತ್ತಿದ ಕ್ಯಾಸೆಟ್. ಉಪ್ಪು ಹಿಡಿದು ಸುರುಳಿಗೆ ಸುರುಳಿ ಅಂಟಿಕೊಂಡಿತ್ತು. ವಿನಯಾ ಎಷ್ಟು ಮೆತ್ತಗೆ ತಿರುಗಿಸಿದರೂ ತುಂಡುತುಂಡಾಗಿ ಉದುರಿತು. ಅವನಿಗೆ ವಿಷಯ ಹೇಳಿದ್ದೆ. ಅಷ್ಟು ದೊಡ್ಡ ಆಳು ಬೆಂಚಿನ ಮೇಲೆ ಕೂತು ಆ ಚೂರುಗಳನ್ನು ಅಂಗೈಗೆ ಹಾಕಿಕೊಂಡ. "ನಾನು ತೂಫಾನಿಗೆ ಸಿಕ್ಕಿದಾಗಲೂ ಇದನ್ನು ಹಾಕುತ್ತಿದ್ದೆ ವಿನಯಾ. ಯಾರೋ ಮನೆಯಿಂದ ಕರೆದ ಹಾಗೆ ಆಗುತ್ತಿತ್ತು, ದಡಕ್ಕೆ ಹೋಗಬೇಕು ಎಂದು ಆಗುತ್ತಿತ್ತು. ಅದು ನಿನ್ನ ಅಮ್ಮ ಎಂದು ನನಗೆ ಗೊತ್ತಿರಲಿಲ್ಲ ಮಾರಾಯ್ತಿ" ಎಂದ. ವಿನಯಾ ಒಳಗೆ ಹೋಗಿ ಮುಖ ತೊಳೆದು ಬಂದಳು.

ಮತ್ತೂ ಕೆಲವು ಸಿಕ್ಕಿದವು. ಒಂದು ಇಲಿ ಕಡಿದದ್ದು, ಒಂದು ಬೂಸ್ಟಿನ ಬಿಳಿ ಮುದ್ದೆ. ಒಂದರಲ್ಲಿ ಹಾಡೆಲ್ಲ ಸರಿಯಿತ್ತು, ಕಿವಿ ಹತ್ತಿರ ಇಟ್ಟು ಕೇಳಿದೆವು. ಆ ಜಾಗದಲ್ಲಿ ಬರೇ ಗೊರಗೊರ ಶಬ್ದ, ಅಷ್ಟೇ. ಪ್ರತಿ ಸಲವೂ ವಿನಯಾಳ ಮುಖ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತಿತ್ತು. "ಸಾಕು ಬಾಯಮ್ಮ, ಮೊದಲು ಇಲ್ಲ ಎಂದು ಸುಮ್ಮನಿದ್ದೆ, ಈಗ ಇತ್ತು ಎಂದು ಗೊತ್ತಾಗಿ ಮಂಡೆಬೆಚ್ಚ" ಎಂದಳು. ನನಗೆ ಬೇಸರವಾಯಿತು. ಕೊನೆಯದೊಂದು, ಜಿನರಾಜಣ್ಣನ ಹತ್ತಿರ ಹೋಗಿ ಬರುವಾ, ಅವನಿಗೆ ಯಾರ ಹತ್ತಿರ ನಕಲು ಉಂಟು ಎಂದಾದರೂ ಗೊತ್ತಿದ್ದೀತು ಎಂದು ಒತ್ತಾಯ ಮಾಡಿದೆ.

ಸದಾನಂದನ ಓಮ್ನಿಯಲ್ಲಿ ಕಾರ್ಕಳಕ್ಕೆ ಹೋದೆವು. ಜಿನರಾಜಣ್ಣ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದ. ಕ್ಯಾಸೆಟ್ಟಿನ ಮಾತು ತೆಗೆದದ್ದೇ, "ಅದು ಬಸ್ಸಿನೊಟ್ಟಿಗೆ ಹೋಯಿತಲ್ಲ ಬಾಯಮ್ಮ, ನೂರು ಸಲ ಹೇಳಿಯಾಯಿತು" ಎಂದ. ಕಣ್ಣು ಮಾತ್ರ ಅಂಗಳದ ಕಡೆ. ನಾನು ವಿಷಯ ಬಿಡಿಸಿ ಹೇಳುವ ಮೊದಲೇ ಒಳಗಿನಿಂದ ಅವನ ಹೆಂಡತಿ ಪದ್ಮಕ್ಕ, ಬಂದವರಿಗೆ ಚಾದೊಟ್ಟಿಗೆ ಹಪ್ಪಳ ಕಾಯಿಸಲೆಂದು, ಡಬ್ಬ ಹಿಡಿದುಕೊಂಡೇ ಹೊರಗೆ ಬಂದಳು. "ಇವರು ಈ ಡಬ್ಬಕ್ಕೆ ಕೈ ಹಾಕಲಿಕ್ಕೇ ಬಿಡುವುದಿಲ್ಲ. ಇವತ್ತು ಬೇರೆ ಡಬ್ಬದ್ದು ಮುಗಿದಿದೆ" ಎನ್ನುತ್ತಾ ಮುಚ್ಚಳ ತೆಗೆದಳು. ಹಪ್ಪಳದ ವಾಸನೆ ಗಮ್ಮೆಂದು ಬಂತು. ಮೇಲಿನ ನಾಲ್ಕು ಹಪ್ಪಳ ಎತ್ತಿದಳು. ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕಟ್ಟು, ಅದರೊಳಗೆ ಕ್ಯಾಸೆಟ್.

ಜಿನರಾಜಣ್ಣ ಕಳ್ಳ ಸಿಕ್ಕಿಬಿದ್ದ ಹಾಗೆ ಕೂತ. "ಹಪ್ಪಳ ಮಳೆಗಾಲದಲ್ಲೂ ಗರಿಗರಿ ಇರುತ್ತದೆ ಎಂದಾದರೆ ಇದೂ ಇರಬೇಕಲ್ಲ ಎಂದು ಇಟ್ಟೆ. ನೀವು ಹಾಕು ಹಾಕು ಎನ್ನುತ್ತೀರಿ, ಒಂದು ಸಲ ತಿರುಗಿದರೆ ತುಂಡಾದೀತು ಎಂದು ಹೆದರಿಕೆ. ಅದಕ್ಕೇ ಸುಳ್ಳು ಹೇಳಿದೆ" ಎಂದ. ಸದಾನಂದ ಬೈಯಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಗಿರಿಜಕ್ಕನ ವಿಷಯ ನಾನು ಹೇಳಿದೆ. ಬನ್ನಂಜೆಯ ಬಾಗಿಲಲ್ಲಿ ವಾಮನಣ್ಣ ಯಾಕೆ ನಿಲ್ಲುತ್ತಿದ್ದರು ಎಂಬುದನ್ನೂ ಹೇಳಿದೆ. "ಮತ್ತೆ ನಾನು ಹಾರನ್ನು ಹೊಡೆದು ಹೊಡೆದು ಅವಳ ಸ್ವರ ಮುಚ್ಚುತ್ತಿದ್ದೆನಲ್ಲ" ಎಂದು ಜಿನರಾಜಣ್ಣ ಹೇಳಿದ. ಪದ್ಮಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ವಿನಯಾ ಕ್ಯಾಸೆಟ್ ಮುಟ್ಟಲಿಲ್ಲ. "ಅಪ್ಪ ನಿಮಗೆ ಕೊಟ್ಟದ್ದು. ನಿಮ್ಮದೇ" ಎಂದಳು. ಅವನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟ. "ತೆಗೆದುಕೋ ಮಗಳೇ. ಆದರೆ ಒಂದು ಮಾತು. ತಿರುಗುವುದು ಒಂದೇ ಸಲವಾದರೆ ಕಾಪುವಿನಲ್ಲಿ ಎಲ್ಲರ ಎದುರು ತಿರುಗಲಿ. ಇಷ್ಟು ವರ್ಷ ಅಡಗಿಸಿ ಇಟ್ಟದ್ದಕ್ಕೆ ಇಲ್ಲದಿದ್ದರೆ ನನ್ನನ್ನು ಅವರು ಕಡಲಿಗೆ ಹಾಕುತ್ತಾರೆ." ಅವಳು ಆಗಲಿ ಎಂದಳು.

ರಿಪೇರಿಯನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಕ್ಯಾಸೆಟ್ಟಿನ ಚಿಪ್ಪು ಬಿರುಕು ಬಿಟ್ಟಿತ್ತು, ಬದಲಿಗೆ ತೆಗೆದ ನನ್ನ ರೋಸಿನ ಕ್ಯಾಸೆಟ್ಟಿನ ಚಿಪ್ಪಿನಲ್ಲಿ ಟೇಪನ್ನು ಒತ್ತಿ ಹಿಡಿಯುವ ಸಣ್ಣ ಮೆತ್ತೆ ಸವೆದುಹೋಗಿತ್ತು. ಕೋಟಿನ ಕಾಲರಿಗೆ ಒಳಗೆ ಹಾಕುವ ಉಣ್ಣೆಯ ಬಟ್ಟೆಯಿಂದ ಬೆರಳಿನ ಉಗುರಿಗಿಂತ ಸಣ್ಣ ತುಂಡು ನಾನು ಕತ್ತರಿಸಿ ಕೊಟ್ಟೆ. ಅವಳು ಇಕ್ಕುಳದಲ್ಲಿ ಹಿಡಿದು ಅಂಟಿಸಿದಳು. ಸುರುಳಿಯನ್ನು ಆ ಚಿಪ್ಪಿಗೆ ದಾಟಿಸಿದಳು. ಟೇಪ್ ರೆಕಾರ್ಡರಿಗೆ ಹೊಸ ರಬ್ಬರ್ ಬೆಲ್ಟು ಹಾಕಿದಳು. ಎಲ್ಲ ಮುಗಿದ ಮೇಲೆ ಬಟನ್ನಿನ ಮೇಲೆ ಬೆರಳು ಇಟ್ಟು ಸುಮ್ಮನೆ ಕೂತಳು. ನನಗೆ ತಡೆಯಲಿಲ್ಲ. "ಬಾಗಿಲು ಹಾಕಿ ಒಮ್ಮೆ ಕೇಳಿಬಿಡು ಮಗಾ. ಜಿನರಾಜಣ್ಣನಿಗೆ ಎಂತ ಗೊತ್ತಾಗುತ್ತದೆ" ಎಂದೆ. ಅವಳು ಬೆರಳು ತೆಗೆದಳು. "ತುಂಡಾದರೆ ಅಪ್ಪನಿಗೆ ಇಲ್ಲವಾಗುತ್ತದೆ ಬಾಯಮ್ಮ. ಕೇಳುವುದಾದರೆ ಇಬ್ಬರೂ ಒಟ್ಟಿಗೆ" ಎಂದಳು.

ಆ ಭಾನುವಾರ ಕಾಪುವಿನ ಶೆಡ್ಡು ತುಂಬಿತ್ತು. ರಜೆ ಮುಗಿಯುತ್ತಾ ಬಂದಿತ್ತು, ಮುಂದಿನ ವಾರ ದೋಣಿಗಳು ಇಳಿಯುವುದಿತ್ತು. ಪದ್ಮಕ್ಕ ಒಂದು ಚೀಲ ಹಪ್ಪಳ ಕಾಯಿಸಿ ಕಳಿಸಿದ್ದಳು. ಸದಾನಂದ ನಡುವೆ ನಿಂತು, "ಕೇಳಿ, ಇವತ್ತು ಅಕ್ಕನ ಮಾತು ಯಾರೂ ಹೇಳಬಾರದು. ಅವಳೇ ಹೇಳುತ್ತಾಳೆ. ಅಭ್ಯಾಸಬಲದಿಂದ ಬಂದೀತು, ಬಾಯಿಗೆ ಹಪ್ಪಳ ಹಾಕಿಕೊಳ್ಳಿ ಬೇಕಾದರೆ" ಎಂದ. "ಹಪ್ಪಳ ಕುರುಕುರು ಎನ್ನುತ್ತದಲ್ಲ" ಎಂದು ಯಾರೋ ಅಂದರು. ಹಪ್ಪಳದ ಚೀಲವನ್ನೇ ಹೊರಗಿಟ್ಟರು.

ವಾಮನಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೇಪ್ ರೆಕಾರ್ಡರಿನ ಎದುರು ಕೂರಿಸಿದೆವು. ವಿನಯಾ ಪಕ್ಕದಲ್ಲಿ ಮೊಬೈಲು ಇಟ್ಟು ರೆಕಾರ್ಡಿಂಗಿಗೆ ತಯಾರು ಮಾಡಿದಳು. ಇನ್ನೇನು ಒತ್ತಬೇಕು, ಕಡಲ ಕಡೆಯಿಂದ ಮಳೆ ಬಂತು. ಬಂತು ಎಂದರೆ ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗೆ. ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಆ ಸ್ವರ ಎಲ್ಲಿ ಕೇಳಬೇಕು? ಕಾದೆವು, ನಿಲ್ಲಲಿಲ್ಲ. ಜಿನರಾಜಣ್ಣ ಜೈನ, ಹೊತ್ತು ಕಂತಿದ ಮೇಲೆ ಊಟ ಮಾಡುವವನಲ್ಲ, ಕಾರ್ಕಳಕ್ಕೆ ಹೋಗಿ ಮುಟ್ಟಬೇಕಿತ್ತು. ಆದರೂ, "ಒಂದು ದಿನ ಉಪವಾಸವಿದ್ದರೆ ನಾನು ಸಾಯುವುದಿಲ್ಲ" ಎಂದ. ವಾಮನಣ್ಣ ಮಾತ್ರ ಮಾಡನ್ನೇ ನೋಡುತ್ತಾ ಕೂತಿದ್ದರು.

ಸದಾನಂದ ಒಮ್ಮೆ ಅವರನ್ನು ನೋಡಿದ. ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆಯ ಬಲೆಯ ತುದಿ ಹಿಡಿದು, "ಎತ್ತಿ" ಎಂದ. ಅಷ್ಟೇ. ಎಲ್ಲರಿಗೂ ಅರ್ಥವಾಯಿತು. ಆ ಮುದುಕರೆಲ್ಲ ಮಳೆಯಲ್ಲಿ ಹೊರಗೆ ಹೋದರು. ಇಬ್ಬರು ಏಣಿ ಹತ್ತಿದರು, ಉಳಿದವರು ಕೆಳಗಿನಿಂದ ಬಲೆ ಕೊಟ್ಟರು. ಒಂದರ ಮೇಲೊಂದು, ದಪ್ಪಕ್ಕೆ, ಇಡೀ ಮಾಡಿನ ಮೇಲೆ ಹಾಸಿದರು. ಕಡಲಿನಲ್ಲಿ ಕೂಗುವ ಹಾಗೆ ಕೂಗುತ್ತಾ ಎಳೆಯುತ್ತಿದ್ದರು. ಒಂದೊಂದು ಬಲೆ ಬಿದ್ದ ಹಾಗೆ ಮಳೆಯ ಶಬ್ದ ಒಂದೊಂದು ಪಾಲು ಕಡಿಮೆಯಾಯಿತು. ಕೊನೆಗೆ ದೂರದಲ್ಲೆಲ್ಲೋ ಬರುವ ಮಳೆಯ ಹಾಗೆ ಆಯಿತು. ಅವರು ಒದ್ದೆಮುದ್ದೆಯಾಗಿ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ನನಗೆ ಆ ಮನುಷ್ಯರ ಮೇಲೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳುವುದು ಎಂದು ಗೊತ್ತಾಗುವುದಿಲ್ಲ.

ವಿನಯಾ ಬಟನು ಒತ್ತಿದಳು. ಒತ್ತಿ, ಯಾರೂ ತನ್ನ ಮುಖ ನೋಡದ ಹಾಗೆ ಹಿಂದೆ ಬಾಗಿಲ ಹತ್ತಿರ ಹೋಗಿ ನಿಂತಳು.

ಗಿಟಾರು ಬಂತು. ಹಿಂದೆ ಆ ಮಳೆ, ಬನ್ನಂಜೆಯ ಹೆಂಚಿನ ಮೇಲಿನ ಹಳೆಯ ಮಳೆ. ಕಾಗೆ ಕೂಗಿತು. ಹಾಡುವವನು ಶುರು ಮಾಡಿದ. ಟೇಪು ಒಮ್ಮೆ ತಡವರಿಸಿತು, ಜಿನರಾಜಣ್ಣ ನನ್ನ ಮೊಣಕೈ ಹಿಡಿದುಕೊಂಡ, ಮತ್ತೆ ಸರಿಯಾಯಿತು. ಮೊದಲ ಚರಣ. ಎರಡನೆಯದ್ದು. ಸ್ವರ ನಿಂತಿತು. ಶೆಡ್ಡಿನಲ್ಲಿ ಅಷ್ಟೂ ಜನರ ತುಟಿ ಅಲ್ಲಾಡಿತು, ನನ್ನದೂ ಅಲ್ಲಾಡಿತು. ಒಬ್ಬರ ಬಾಯಿಂದಲೂ ದನಿ ಹೊರಡಲಿಲ್ಲ.

"ಬಾಲೆ ಲಕ್ಕ್‌ಂಡ್, ಒರ ಬಲೆ."

ತೆಳು ಸ್ವರ. ಸ್ವಲ್ಪ ಅವಸರ, ಸ್ವಲ್ಪ ಹುಸಿಕೋಪ. ಇಷ್ಟು ವರ್ಷ ನಾವು ಕೂಗಿ ಕೂಗಿ ಅದನ್ನು ಏನೋ ಮಾಡಿಬಿಟ್ಟಿದ್ದೆವು. ನಿಜಕ್ಕೂ ಅದು ಇಷ್ಟು ಮೆಲ್ಲಗಿನ ಮಾತು ಎಂಬುದೇ ನನಗೆ ಮರೆತುಹೋಗಿತ್ತು.

"ಬತ್ತೆ" ಎಂದರು ವಾಮನಣ್ಣ.

ಬಂದೆ ಎಂದು, ಮನೆಯಲ್ಲಿ ಯಾರಾದರೂ ಕರೆದರೆ ಹೇಳುವ ಹಾಗೆ. ಅಂದು ಟೇಪಿಗೆ ಹೆದರಿ ಹೇಳದೆ ಬಿಟ್ಟದ್ದನ್ನು ಅವರು ಈಗ ಹೇಳಿದರು. ಹೇಳಿ ಕುರ್ಚಿಯ ಕೈ ಹಿಡಿದು ಎದ್ದರು. "ಬತ್ತೆ, ಬತ್ತೆ" ಎನ್ನುತ್ತಾ ಟೇಪ್ ರೆಕಾರ್ಡರಿಗೆ ಬೆನ್ನು ಹಾಕಿ ಹಿಂದಿನ ಬಾಗಿಲ ಕಡೆ ನಡೆದರು. ಡ್ರಮ್ಮು ಶುರುವಾಗಿತ್ತು, ಯಾರೂ ಅದನ್ನು ಕೇಳಲಿಲ್ಲ. ನಾವು ಎರಡೂ ಕಡೆ ಸರಿದು ದಾರಿ ಬಿಟ್ಟೆವು. ಬಾಗಿಲಲ್ಲಿ ವಿನಯಾ ನಿಂತಿದ್ದಳು, ಮುಖವೆಲ್ಲ ಒದ್ದೆ. ವಾಮನಣ್ಣ ಅವಳ ಎದುರು ಹೋಗಿ ನಿಂತರು, ಮುಂದೆ ಎಂತ ಮಾಡುವುದೆಂದು ಅವರಿಗೆ ತಿಳಿಯಲಿಲ್ಲ. ಅವಳೇ ಅವರ ಎರಡೂ ಕೈ ಹಿಡಿದುಕೊಂಡಳು.

"ಎದ್ದಿದ್ದೇನೆ ಅಪ್ಪ" ಎಂದಳು.

ಹಾಡು ಏರಿ ಏರಿ, ಮುಗಿಯುವ ಮೊದಲೇ, ಯಾವಾಗಿನ ಹಾಗೆ ಕಟಕ್ ಎಂದು ನಿಂತಿತು. ಟೇಪು ತುಂಡಾಗಿರಲಿಲ್ಲ. ಆಮೇಲೆ ಸದಾನಂದ ಕಣ್ಣು ಒರೆಸಿಕೊಂಡು, ಬಲೆ ಇಳಿಸಬೇಕು, ಇಲ್ಲದಿದ್ದರೆ ಭಾರಕ್ಕೆ ಮಾಡು ಕುಸಿದೀತು ಎಂದ. ನಾನೂ ಅವರೊಟ್ಟಿಗೆ ಹೊರಗೆ ಹೋಗಿ ಒಂದು ತುದಿ ಹಿಡಿದೆ.